ಮಂಗನ ಕಾಯಿಲೆ: ಲಸಿಕೆಯ ಜೊತೆಗೆ ಔಷಧದ ಸಂಶೋಧನೆಯೂ ನಡೆಯಲಿ

ಮಾನ್ಯ ಸಂಪಾದಕರೇ,

ಕಾಡಿನ ಉಣುಗು (ಉಣ್ಣೆ) ಕಚ್ಚುವುದರಿಂದ ಬರುವ ಮಂಗನ ಕಾಯಿಲೆಯ ಹೊಸ ಲಸಿಕೆ ಮನುಷ್ಯರ ಮೇಲಿನ ಪ್ರಯೋಗದ ಹಂತಕ್ಕೆ ಬಂದಿರುವ ವರದಿಯನ್ನು ತಮ್ಮ ಪತ್ರಿಕೆಯಲ್ಲಿ ಓದಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ಇಂಡಿಯನ್ ಇಮ್ಯುನೊಲಾಜಿಕಲ್ಸ್ ಸಂಸ್ಥೆಯೂ ಕೂಡಿ ಮಾಡುತ್ತಿರುವ ಈ ಕೆಲಸ ಕೈಗೂಡಲಿ ಎಂದು, ಈ ಕಾಯಿಲೆಯನ್ನು ಮನೆಯೊಳಗೇ ಕಂಡಿರುವ ಮಲೆನಾಡಿನ ಅನೇಕ ಕುಟುಂಬಗಳಂತೆ ನಾನೂ ಹಾರೈಸುತ್ತೇನೆ. ಆದರೆ ವರದಿಯನ್ನು ಓದಿ ಮುಗಿಸಿದ ಮೇಲೆ ಒಂದು ಪ್ರಶ್ನೆ ಮನಸ್ಸಿನಲ್ಲಿ ಉಳಿದುಕೊಂಡಿತು. ಲಸಿಕೆ ಹಾಕಿಸಿಕೊಳ್ಳದವರಿಗೆ, ಹಾಕಿಸಿಕೊಂಡೂ ಫಲ ಸಿಗದವರಿಗೆ ಜ್ವರ ಬಂದರೆ ಅವರಿಗೆ ಕೊಡುವುದಕ್ಕೆ ನಮ್ಮ ಆಸ್ಪತ್ರೆಗಳಲ್ಲಿ ಏನಿದೆ? ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಕಾಣಿಸಿಕೊಂಡ ಈ ವೈರಸ್ಸನ್ನು ದೇಹದೊಳಗೆ ತಡೆದು ನಿಲ್ಲಿಸಬಲ್ಲ ಔಷಧ ಇಂದಿಗೂ ಒಂದೂ ಇಲ್ಲ. ಜ್ವರಕ್ಕೆ ಪ್ಯಾರಾಸಿಟಮಾಲ್, ನಿತ್ರಾಣಕ್ಕೆ ಡ್ರಿಪ್, ರಕ್ತಸ್ರಾವವಾದರೆ ರಕ್ತ ಅಥವಾ ಪ್ಲೇಟ್‌ಲೆಟ್, ಉಳಿದದ್ದು ರೋಗಿಯ ದೇಹಬಲಕ್ಕೆ ಬಿಟ್ಟದ್ದು. ಈ ಕೊರತೆಯ ಬಗ್ಗೆ ನಾವು ಆಡುವುದು ತೀರಾ ಕಡಿಮೆಯಾದ್ದರಿಂದ ಈ ಪತ್ರವನ್ನು ಬರೆಯುತ್ತಿದ್ದೇನೆ.

ನಾನು ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು. ನನ್ನ ತಮ್ಮ ಊರಿನಲ್ಲಿ ಅಡಿಕೆ ತೋಟ ನೋಡಿಕೊಂಡಿದ್ದಾನೆ. ಕೆಲವು ವರ್ಷಗಳ ಹಿಂದೆ, ಅಡಿಕೆ ಕೊಯ್ಲು ಮುಗಿದ ಮೇಲೆ, ಕೊಟ್ಟಿಗೆಗೆ ಹಾಸಲೆಂದು ಸೊಪ್ಪಿನ ಬೆಟ್ಟದಿಂದ ನಾಲ್ಕು ದಿನ ದರಗು (ಉದುರಿದ ಒಣ ಎಲೆ) ಹೊತ್ತು ತಂದವನು ಐದಾರು ದಿನ ಕಳೆಯುವಷ್ಟರಲ್ಲಿ ಮಲಗಿದ. ಒಮ್ಮೆಲೇ ಏರಿದ ಜ್ವರ, ಹಣೆ ಸೀಳುವಂಥ ತಲೆನೋವು, ಕಣ್ಣು ಕೆಂಪು, ಸೊಂಟ ಮತ್ತು ಮೀನಖಂಡಗಳನ್ನು ಮುಟ್ಟಗೊಡದಷ್ಟು ನೋವು. ಆಸ್ಪತ್ರೆಯಲ್ಲಿ ಮೂರು ಸಲ ರಕ್ತ ತೆಗೆದರು. ಕಾಯಿಲೆ ಇದೇ ಎಂದು ಖಚಿತಪಡಿಸುವ ವರದಿ ಬಂದದ್ದು ಅವನು ಜ್ವರ ಬಿಟ್ಟು ಮನೆಗೆ ಬಂದ ಮೇಲೆ. ಇನ್ನು ಗಂಡಾಂತರ ಕಳೆಯಿತೆಂದು ನಾವು ಉಸಿರು ಬಿಟ್ಟಿದ್ದೆವು. ಹತ್ತು ದಿನದ ಬಳಿಕ ಜ್ವರ ಮರಳಿತು. ಈ ಬಾರಿ ಕುತ್ತಿಗೆ ಬಿಗಿದು, ಕೈ ನಡುಗಿ, ಮಾತು ತೊದಲಿ, ಹೆಂಡತಿಯನ್ನು ಅಮ್ಮ ಎಂದು ಕರೆಯತೊಡಗಿದ. ಘಟ್ಟ ಇಳಿಸಿ ದೊಡ್ಡ ಆಸ್ಪತ್ರೆಗೆ ಸೇರಿಸಿದೆವು. ಅಲ್ಲಿನ ವೈದ್ಯರು ಹಗಲು ರಾತ್ರಿ ನೋಡಿಕೊಂಡರು, ಅವನು ಬದುಕಿದ. ಅವರಿಗೆ ನಾವು ಋಣಿಗಳು. ಆದರೆ ಅವರಲ್ಲೊಬ್ಬರು, ವಯಸ್ಸಿನಲ್ಲಿ ನನ್ನ ವಿದ್ಯಾರ್ಥಿಯಷ್ಟಿದ್ದವರು, ನನ್ನನ್ನು ಪಕ್ಕಕ್ಕೆ ಕರೆದು, ಈ ಎರಡನೆಯ ಜ್ವರ ವೈರಸ್ಸಿನಿಂದ ಬಂತೋ, ವೈರಸ್ಸಿನ ಮೇಲೆ ಅವನ ದೇಹ ನಡೆಸಿದ ಹೋರಾಟದಿಂದಲೇ ಬಂತೋ ಹೇಳುವುದು ಕಷ್ಟ, ಹಾಗಾಗಿ ಕೊಡುವ ಔಷಧವೂ ಅಂದಾಜಿನದೇ ಎಂದರು. ಅವರ ಪ್ರಾಮಾಣಿಕತೆಗೆ ನಾನು ತಲೆಬಾಗಿದೆ. ಆ ಮಾತು ಮಾತ್ರ ಈ ತನಕ ನನ್ನನ್ನು ಬಿಟ್ಟಿಲ್ಲ.

ಮಂಗನ ಕಾಯಿಲೆಯ ಬಗ್ಗೆ ವಿಜ್ಞಾನಿಗಳು ಏನೂ ಮಾಡಿಲ್ಲವೆಂದು ಯಾರಾದರೂ ಹೇಳಿದರೆ ಅದು ದೊಡ್ಡ ತಪ್ಪಾಗುತ್ತದೆ. ಕಾಡಿನಲ್ಲಿ ಮಂಗಗಳು ಸಾಯುತ್ತಿವೆ, ಊರಿನಲ್ಲಿ ಜನ ಮಲಗುತ್ತಿದ್ದಾರೆ ಎಂಬ ಸುದ್ದಿ ಬಂದಾಗ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು (ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆ) ಬಂದರು. ಮಂಗಗಳು ಸಾಯುವುದನ್ನು ಕಂಡು, ಭಾರತಕ್ಕೆ ಎಂದೂ ಕಾಲಿಡದ ಹಳದಿ ಜ್ವರವೇ ಬಂದಿತೋ ಎಂದು ಅವರು ಮೊದಲು ಕಳವಳಪಟ್ಟಿದ್ದರು. ಟೆಲ್ಫೋರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮತ್ತು ಅವರ ಭಾರತೀಯ ಸಹೋದ್ಯೋಗಿಗಳು ಅದೇ ವರ್ಷ ವೈರಸ್ಸನ್ನು ಬೇರ್ಪಡಿಸಿ, ಅದು ರಷ್ಯಾದ ಕಾಡುಗಳಲ್ಲಿ ಉಣುಗಿನಿಂದ ಹರಡುವ ಮಿದುಳು ಜ್ವರದ ವೈರಸ್ಸಿನ ಬಳಗಕ್ಕೆ ಸೇರಿದ್ದೆಂದು ತೋರಿಸಿದರು. ಪಿ. ಕೆ. ರಾಜಗೋಪಾಲನ್ ಅವರಂಥ ಕೀಟವಿಜ್ಞಾನಿಗಳು ಸಾಗರದಲ್ಲೇ ವರ್ಷಗಟ್ಟಲೆ ನಿಂತು ಕಾಡು ಅಲೆದು ಉಣುಗುಗಳನ್ನು ಎಣಿಸಿದರು, ಇಲಿ ಹೆಗ್ಗಣಗಳನ್ನು ಪರೀಕ್ಷಿಸಿದರು. ಇಂದು ನಮ್ಮ ಆಶಾ ಕಾರ್ಯಕರ್ತೆಯರು ಮನೆ ಮನೆಗೆ ಬಂದು, ಮಂಗ ಸತ್ತ ಜಾಗಕ್ಕೆ ಹೋಗಬೇಡಿ, ಕಾಡಿಗೆ ಹೋಗುವಾಗ ಉಣುಗು ದೂರವಿಡುವ ಡೇಪಾ ಎಣ್ಣೆ ಹಚ್ಚಿಕೊಳ್ಳಿ, ಬಂದ ಮೇಲೆ ಬಿಸಿನೀರಿನಲ್ಲಿ ಮಿಂದು ಬಟ್ಟೆ ಒಗೆಯಿರಿ ಎಂದು ಹೇಳುವ ಪ್ರತಿಯೊಂದು ಮಾತಿನ ಹಿಂದೆ ಆ ದುಡಿಮೆ ಇದೆ. ಮುಸಿಯವೋ ಕೆಂಪು ಮಂಗವೋ ಸತ್ತು ಬಿದ್ದಾಗ ಅದರ ಮೈಮೇಲಿನ ಉಣುಗುಗಳು ಉದುರಿ ನೆಲಕ್ಕೆ ಹರಡುತ್ತವೆ, ನವೆಂಬರಿನಿಂದ ಮೇ ತಿಂಗಳವರೆಗೆ ಕಾಡುವ ಮರಿ ಉಣುಗುಗಳೇ ಮನುಷ್ಯನಿಗೆ ಕಾಯಿಲೆ ತರುತ್ತವೆ, ಒಬ್ಬ ರೋಗಿಯಿಂದ ಇನ್ನೊಬ್ಬರಿಗೆ ಅದು ಅಂಟುವುದಿಲ್ಲ ಎಂಬುದೆಲ್ಲ ಹೀಗೆ ಕಾಡಿನಲ್ಲಿ ನಡೆದು ನಡೆದು ಗಳಿಸಿದ ತಿಳಿವಳಿಕೆ.

ಕಾಡಿನಲ್ಲಿ ವೈರಸ್ಸು ಸಾಗುವ ದಾರಿ ನಮಗೆ ತಿಳಿದಿರುವಷ್ಟು, ರೋಗಿಯ ದೇಹದೊಳಗೆ ಅದು ಸಾಗುವ ದಾರಿ ತಿಳಿದಿಲ್ಲ. ನನ್ನ ಪತ್ರದ ಮುಖ್ಯ ವಿಷಯ ಇದು. ತಿಳಿದಿರುವಷ್ಟನ್ನು ಸರಳವಾಗಿ ಹೇಳುವುದಾದರೆ, ಉಣುಗು ಕಚ್ಚುವಾಗ ಅದರ ಜೊಲ್ಲಿನಲ್ಲಿ ನೋವು ತಿಳಿಯದಂತೆ ಮಾಡುವ, ರಕ್ತ ಹೆಪ್ಪುಗಟ್ಟದಂತೆ ತಡೆಯುವ, ಚರ್ಮದ ಕಾವಲು ಕೋಶಗಳನ್ನು ಮಂಕಾಗಿಸುವ ವಸ್ತುಗಳಿರುತ್ತವೆ. ಅದೇ ಜೊಲ್ಲಿನೊಂದಿಗೆ ವೈರಸ್ಸು ಒಳಹೊಕ್ಕು ಜೀವಕೋಶವನ್ನು ಸೇರುತ್ತದೆ. ಅದರ ವಂಶವಾಹಿ ಸುಮಾರು 11 ಸಾವಿರ ಅಕ್ಷರಗಳ ಒಂದೇ ಎಳೆ ಆರ್‌ಎನ್‌ಎ. ಜೀವಕೋಶದ ಯಂತ್ರಗಳು ಅದನ್ನು ತಮ್ಮದೇ ಅಪ್ಪಣೆಯೆಂಬಂತೆ ಓದಿ ಒಂದು ಉದ್ದನೆಯ ಪ್ರೊಟೀನನ್ನು ಹೆಣೆಯುತ್ತವೆ. ಅದು ತುಂಡಾಗಿ ಹತ್ತು ಪ್ರೊಟೀನುಗಳಾಗುತ್ತದೆ. ಮೂರು ವೈರಸ್ಸಿನ ಮೈಯಾಗುತ್ತವೆ, ಏಳು ಅದರ ಕೆಲಸಗಾರರು. ಈ ಏಳರಲ್ಲಿ ಎನ್‌ಎಸ್‌5 ಎಂಬ ಪ್ರೊಟೀನು ಎರಡು ಬಗೆಯಲ್ಲಿ ಹಾನಿ ಮಾಡುತ್ತದೆ. ವೈರಸ್ಸಿನ ಆರ್‌ಎನ್‌ಎಯನ್ನು ನಕಲು ಮಾಡುವುದು ಅದೇ. ಸೋಂಕು ತಗಲಿದ ಜೀವಕೋಶ ನೆರೆಯ ಕೋಶಗಳನ್ನು ಎಚ್ಚರಿಸಲು ಹೊರಡಿಸುವ ಇಂಟರ್‌ಫೆರಾನ್ ಎಂಬ ಸಂದೇಶವನ್ನು ಅಡಗಿಸುವುದೂ ಅದೇ. ಊರಿಗೆ ಕಳ್ಳ ಬಂದಾಗ ಮೊದಲು ಕೂಗುವವನ ಬಾಯಿ ಮುಚ್ಚಿಸಿದಂತೆ ಎಂದು ನಾನು ಮಕ್ಕಳಿಗೆ ಹೇಳುತ್ತಿದ್ದೆ. ಇಷ್ಟಾಗುವ ಹೊತ್ತಿಗೆ ರೋಗಿಯ ಬಿಳಿ ರಕ್ತಕಣಗಳು ಇಳಿದಿರುತ್ತವೆ, ಪ್ಲೇಟ್‌ಲೆಟ್ ಕುಸಿದಿರುತ್ತದೆ, ಯಕೃತ್ತು ಬಳಲಿರುತ್ತದೆ.

ಇದಾದ ಮೇಲಿನ ಕತೆಯಲ್ಲಿ ಅಂತರಗಳೇ ಹೆಚ್ಚು. ರೋಗಿಗಳಲ್ಲಿ ನೂರಕ್ಕೆ ಹತ್ತರಿಂದ ಇಪ್ಪತ್ತು ಮಂದಿಗೆ ಮಾತ್ರ ಎರಡನೆಯ ಸುತ್ತು ಏಕೆ ಬರುತ್ತದೆ? ಒಂದೇ ದಿನ ಒಂದೇ ಬೆಟ್ಟಕ್ಕೆ ಹೋದ ಇಬ್ಬರಲ್ಲಿ ಒಬ್ಬ ವಾರದಲ್ಲಿ ಎದ್ದು ಓಡಾಡಿದರೆ ಇನ್ನೊಬ್ಬನಿಗೆ ಮೂಗು ಬಾಯಿಯಲ್ಲಿ ರಕ್ತ ಬರುವುದು ಏಕೆ? ನೂರಕ್ಕೆ ಮೂರರಿಂದ ಐದು ರೋಗಿಗಳು ಸಾಯುತ್ತಾರೆಂದು ಎಲ್ಲ ಕಡೆಯೂ ಬರೆದಿರುತ್ತದೆ. ಆ ಮೂರೋ ಐದೋ ಜನ ಯಾರಾಗಬಹುದೆಂದು ಮೊದಲ ದಿನದ ರಕ್ತ ನೋಡಿ ಹೇಳುವ ಗುರುತು ನಮ್ಮ ಆಸ್ಪತ್ರೆಗಳ ಕೈಯಲ್ಲಿಲ್ಲ. ಇವು ಕೇವಲ ಕುತೂಹಲದ ಪ್ರಶ್ನೆಗಳಲ್ಲ. ಎರಡನೆಯ ಜ್ವರ ಮಿದುಳಿಗೆ ಹೊಕ್ಕ ವೈರಸ್ಸಿನದ್ದಾದರೆ ವೈರಸ್ಸನ್ನು ತಡೆಯುವ ಔಷಧವನ್ನು ಮೊದಲ ವಾರದಲ್ಲೇ ಕೊಡಬೇಕು. ದೇಹದ ಪ್ರತಿರೋಧವೇ ಅತಿಯಾಗಿ ಬಂದದ್ದಾದರೆ ಅದನ್ನು ತಗ್ಗಿಸುವ ಔಷಧ ಬೇಕು. ಒಂದಕ್ಕೆ ಹಿತವಾದದ್ದು ಇನ್ನೊಂದಕ್ಕೆ ಅಪಾಯವಾಗಬಹುದು. ಆ ಯುವ ವೈದ್ಯರು ಅಂದಾಜು ಎಂದದ್ದು ಇದನ್ನೇ.

ಔಷಧಕ್ಕೆ ಅವಕಾಶವಿದೆ ಎಂದು ನಂಬಲು ಒಂದು ಬಲವಾದ ಕಾರಣವಿದೆ. ಈ ಕಾಯಿಲೆಯಲ್ಲಿ ವೈರಸ್ಸು ರೋಗಿಯ ರಕ್ತದಲ್ಲಿ ದಿನಗಟ್ಟಲೆ, ಹನ್ನೆರಡು ದಿನಗಳ ತನಕವೂ ಉಳಿಯುತ್ತದೆ ಎಂಬುದು ಹಿಂದಿನ ಅಧ್ಯಯನಗಳಲ್ಲಿಯೇ ಕಂಡಿದೆ. ಪುಣೆಯ ಸಂಸ್ಥೆ 2012ರಲ್ಲಿ ಪ್ರಕಟಿಸಿದ ಆರ್‌ಟಿ–ಪಿಸಿಆರ್ ಪರೀಕ್ಷಾ ಕ್ರಮ ಬಂದ ಮೇಲೆ, ಮೊದಲಿನಂತೆ ಇಲಿಮರಿಗಳಿಗೆ ರಕ್ತ ಚುಚ್ಚಿ ದಿನಗಟ್ಟಲೆ ಕಾಯುವ ಅಗತ್ಯ ತಪ್ಪಿ, ಜ್ವರದ ಮೊದಲ ದಿನಗಳಲ್ಲೇ ಕಾಯಿಲೆಯನ್ನು ಗುರುತಿಸಬಹುದಾಗಿದೆ. ಬೇಗ ಗುರುತಿಸಬಹುದು, ವೈರಸ್ಸು ರಕ್ತದಲ್ಲಿ ಸಾಕಷ್ಟು ದಿನ ಸಿಗುತ್ತದೆ. ವೈರಸ್ ವಿರೋಧಿ ಔಷಧಕ್ಕೆ ಇದಕ್ಕಿಂತ ಅನುಕೂಲವಾದ ಕಾಯಿಲೆಗಳು ಹೆಚ್ಚಿಲ್ಲ.

ಮಂಗನ ಕಾಯಿಲೆಯ ವೈರಸ್ಸು ಸೇರಿರುವ ಫ್ಲಾವಿವಿರಿಡೆ ಕುಟುಂಬದ ಇನ್ನೊಂದು ವೈರಸ್ಸು ಯಕೃತ್ತಿಗೆ ತಗಲುವ ಹೆಪಟೈಟಿಸ್ ಸಿ. ಅದರ ಆರ್‌ಎನ್‌ಎ ನಕಲು ಮಾಡುವ ಪ್ರೊಟೀನನ್ನೇ ಗುರಿಯಾಗಿಟ್ಟುಕೊಂಡ ಸೊಫೊಸ್‌ಬುವಿರ್ ಔಷಧಕ್ಕೆ 2013ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಅದನ್ನು ಮತ್ತೊಂದು ಔಷಧದೊಂದಿಗೆ ಮೂರು ತಿಂಗಳು ನುಂಗಿದ ರೋಗಿಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಇಂದು ಗುಣವಾಗುತ್ತಿದ್ದಾರೆ, ನಮ್ಮ ದೇಶದ ಕಂಪನಿಗಳೇ ಆ ಮಾತ್ರೆಯನ್ನು ಅಗ್ಗದ ಬೆಲೆಗೆ ತಯಾರಿಸುತ್ತಿವೆ. ಅದೇ ಮಾತ್ರೆ ಮಂಗನ ಕಾಯಿಲೆಗೂ ಆಗುತ್ತದೆಂದು ನಾನು ಹೇಳುತ್ತಿಲ್ಲ. ಕುಟುಂಬ ಒಂದೇ ಆದರೂ ಇವು ದೂರದ ದಾಯಾದಿಗಳು, ಪ್ರೊಟೀನಿನ ಆಕಾರದಲ್ಲಿ ವ್ಯತ್ಯಾಸವಿದೆ, ಯಾರೂ ತಾವಾಗಿ ತಂದು ನುಂಗಬಾರದು. ಆದರೆ ಮನುಷ್ಯರಿಗೆ ಸುರಕ್ಷಿತವೆಂದು ಈಗಾಗಲೇ ತಿಳಿದಿರುವ ಇಂಥ ಔಷಧಗಳನ್ನು ಒಂದೊಂದಾಗಿ ಈ ವೈರಸ್ಸಿನ ಮೇಲೆ ಪರೀಕ್ಷಿಸಿ, ಫಲ ಕಂಡವನ್ನು ಪ್ರಾಣಿಗಳಲ್ಲಿ, ಆಮೇಲೆ ಸಮ್ಮತಿ ಕೊಟ್ಟ ರೋಗಿಗಳಲ್ಲಿ ನೋಡುವ ಕ್ರಮ ಹೊಸ ಔಷಧವನ್ನು ಮೂಲದಿಂದ ಕಟ್ಟುವುದಕ್ಕಿಂತ ಎಷ್ಟೋ ಹತ್ತಿರದ ದಾರಿ. ವರ್ಷಕ್ಕೆ ಸರಾಸರಿ ನಾಲ್ಕೈದು ನೂರು ಜನರಿಗೆ, ಅದರಲ್ಲೂ ಬಹುಪಾಲು ಬಡ ಕೃಷಿಕರಿಗೆ ಮತ್ತು ಕಾಡಂಚಿನ ಕೂಲಿಗಳಿಗೆ ಬರುವ ಕಾಯಿಲೆಗೆಂದು ಯಾವ ಔಷಧ ಕಂಪನಿಯೂ ತಾನಾಗಿ ಕೋಟಿಗಳನ್ನು ಸುರಿಯುವುದಿಲ್ಲ. ಆದ್ದರಿಂದ ಈ ಕೆಲಸ ಸರ್ಕಾರದ ಹಣದಿಂದಲೇ ಆಗಬೇಕು.

ಲಸಿಕೆಯೊಂದನ್ನೇ ನೆಚ್ಚಬಾರದೆಂಬುದಕ್ಕೆ ನಮ್ಮದೇ ಅನುಭವ ಸಾಕು. ಮೊದಲು, 1958–59ರ ಹೊತ್ತಿಗೆ, ರಷ್ಯಾದ ಮಿದುಳು ಜ್ವರದ ಲಸಿಕೆಯನ್ನು ಇಲ್ಲಿನ ಜನರಿಗೆ ಕೊಟ್ಟು ನೋಡಿದರು, ಫಲ ಸಿಗಲಿಲ್ಲ. ಬಳಿಕ ಕೋಳಿ ಭ್ರೂಣದ ಜೀವಕೋಶಗಳಲ್ಲಿ ಈ ವೈರಸ್ಸನ್ನೇ ಬೆಳೆಸಿ ಫಾರ್ಮಲಿನ್‌ನಿಂದ ನಿಷ್ಕ್ರಿಯಗೊಳಿಸಿದ ಲಸಿಕೆ ಬಂತು. ಬೆಂಗಳೂರಿನಲ್ಲಿ ತಯಾರಾಗುತ್ತಿದ್ದ ಅದನ್ನು 1990ರಿಂದ ನಮ್ಮ ಜಿಲ್ಲೆಗಳಲ್ಲಿ ಹಾಕತೊಡಗಿದರು. ಆರಂಭದ ಅಧ್ಯಯನದಲ್ಲಿ ಎರಡು ಡೋಸ್ ಪಡೆದವರಿಗೆ ನೂರಕ್ಕೆ 93ರಷ್ಟು ರಕ್ಷಣೆ ಸಿಕ್ಕಿದೆಯೆಂದು ಕಂಡಿತ್ತು. 2005ರಿಂದ 2010ರವರೆಗಿನ ಲೆಕ್ಕವನ್ನಿಟ್ಟು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅದು ಸುಮಾರು 62ಕ್ಕೆ, ಬೂಸ್ಟರ್ ಕೂಡ ಪಡೆದವರಲ್ಲಿ 83ಕ್ಕೆ ನಿಂತಿತು. ತಿಂಗಳ ಅಂತರದಲ್ಲಿ ಎರಡು ಡೋಸ್, ಆರರಿಂದ ಒಂಬತ್ತು ತಿಂಗಳಿಗೆ ಬೂಸ್ಟರ್, ಆಮೇಲೆ ವರ್ಷವರ್ಷವೂ ಮತ್ತೊಂದು. ಚುಚ್ಚಿದ ಜಾಗದ ನೋವು ಎರಡು ದಿನ ಕೆಲಸ ಕೆಡಿಸುವಂಥದ್ದು. ಕೊನೆಗೆ ಅದರ ಶಕ್ತಿಯ ಬಗ್ಗೆಯೇ ಸಂದೇಹ ಮೂಡಿ ಆ ಲಸಿಕೆ ನಿಂತುಹೋಯಿತು. ಆಮೇಲಿನ ಹಂಗಾಮುಗಳನ್ನು ಮಲೆನಾಡು ಎಣ್ಣೆ ಹಚ್ಚಿಕೊಂಡೇ ಕಳೆದಿದೆ. ಹೊಸ ಲಸಿಕೆ ಉತ್ತಮವಾಗಿಯೇ ಇರಲಿ. ಆದರೂ ಪ್ರಯೋಗದ ಹಂತಗಳನ್ನು ದಾಟಿ ಅದು ನಮ್ಮ ಉಪಕೇಂದ್ರಗಳಿಗೆ ತಲುಪುವ ತನಕ ಎಷ್ಟೋ ಹಂಗಾಮುಗಳು ಕಳೆಯುತ್ತವೆ, ತಲುಪಿದ ಮೇಲೂ ಎಲ್ಲರಿಗೂ ಹಾಕಿ ಮುಗಿಯುವುದಿಲ್ಲ. ಕಾಯಿಲೆ ನಿಂತಲ್ಲಿ ನಿಂತಿಲ್ಲ ಎಂಬುದನ್ನೂ ಗಮನಿಸಬೇಕು. ಶಿವಮೊಗ್ಗ ಮತ್ತು ಅದರ ಸುತ್ತಲಿನ ಜಿಲ್ಲೆಗಳದೆಂದು ತಿಳಿದಿದ್ದ ಈ ಜ್ವರ 2012ರಿಂದೀಚೆಗೆ ಬಂಡೀಪುರ, ನೀಲಗಿರಿ, ವಯನಾಡು, ಗೋವಾ, ಸಿಂಧುದುರ್ಗಗಳವರೆಗೆ ಘಟ್ಟದುದ್ದಕ್ಕೂ ಕಾಣಿಸಿಕೊಂಡಿದೆ. ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ 2018ರ ಡಿಸೆಂಬರಿನಿಂದ 2019ರ ಬೇಸಿಗೆಯವರೆಗೆ ಈ ಜ್ವರ ಹಬ್ಬಿ ಜನ ಸತ್ತದ್ದನ್ನು ತಮ್ಮ ಓದುಗರಿಗೆ ನಾನು ನೆನಪಿಸಬೇಕಿಲ್ಲ.

ಸಣ್ಣ ಊರುಗಳಲ್ಲಿ, ಸೋಂಕಿನ ನಡುವೆಯೇ ಔಷಧದ ಪ್ರಯೋಗ ನಡೆಸುವುದು ಆಗದ ಮಾತೆಂದು ಕೆಲವರು ಹೇಳಬಹುದು. ಆಫ್ರಿಕಾದ ಕಾಂಗೊ ದೇಶದಲ್ಲಿ ಎಬೋಲಾ ಹಬ್ಬಿ, ಆಸ್ಪತ್ರೆಗಳ ಮೇಲೆ ಸಶಸ್ತ್ರ ಗುಂಪುಗಳು ದಾಳಿ ಮಾಡುತ್ತಿದ್ದ ಕಾಲದಲ್ಲಿ, 2018ರ ನವೆಂಬರಿನಲ್ಲಿ ನಾಲ್ಕು ಚಿಕಿತ್ಸೆಗಳನ್ನು ಹೋಲಿಸುವ ಪ್ರಯೋಗ ಶುರುವಾಯಿತು. ಒಂಬತ್ತು ತಿಂಗಳಲ್ಲಿ, ಆರುನೂರಕ್ಕೂ ಹೆಚ್ಚು ರೋಗಿಗಳು ಸೇರಿದ ಮೇಲೆ, ಅವುಗಳಲ್ಲಿ ಎರಡು ಸ್ಪಷ್ಟವಾಗಿ ಹೆಚ್ಚು ಜೀವ ಉಳಿಸುತ್ತವೆಂದು ಗೊತ್ತಾಯಿತು. ಆ ಎರಡರಲ್ಲಿ ಒಂದರ ಮೂಲ ಯಾವುದೆಂದರೆ, 1995ರಲ್ಲಿ ಕಿಕ್ವಿಟ್ ಪಟ್ಟಣದಲ್ಲಿ ಎಬೋಲಾದಿಂದ ಬದುಕುಳಿದ ಒಬ್ಬ ವ್ಯಕ್ತಿಯ ರಕ್ತ. ಹತ್ತು ವರ್ಷ ಕಳೆದ ಮೇಲೂ ಆ ವ್ಯಕ್ತಿಯ ರಕ್ತದಲ್ಲಿದ್ದ ರೋಗನಿರೋಧಕ ಕೋಶಗಳಿಂದ ವಿಜ್ಞಾನಿಗಳು ಒಂದು ಪ್ರತಿಕಾಯವನ್ನು (ವೈರಸ್ಸನ್ನು ಹಿಡಿದು ತಡೆಯುವ ಪ್ರೊಟೀನನ್ನು) ಆರಿಸಿ, ಅದನ್ನೇ ಔಷಧವಾಗಿ ಬೆಳೆಸಿದರು. ಇದನ್ನು ಓದಿದ ದಿನ ನನಗೆ ತಮ್ಮನ ನೆನಪಾಯಿತು. ಸೊರಬ, ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಈ ಕಾಯಿಲೆಯನ್ನು ಗೆದ್ದು ಬದುಕಿರುವವರು ಎಷ್ಟು ಜನರಿಲ್ಲ! ಅವರೆಲ್ಲರ ರಕ್ತದಲ್ಲಿ ಈ ವೈರಸ್ಸನ್ನು ಗುರುತು ಹಿಡಿಯುವ ಕೋಶಗಳಿರಬಹುದು. ನನ್ನ ತಮ್ಮ ಮನೆಗೆ ಬಂದ ದಿನದಿಂದ ಇಂದಿನವರೆಗೆ ಅವನು ಹೇಗಿದ್ದಾನೆ, ಕೈ ನಡುಕ ನಿಂತಿತೇ, ತೋಟಕ್ಕೆ ಹೋಗಬಲ್ಲನೇ ಎಂದು ವಿಚಾರಿಸಲು ಒಬ್ಬರೂ ಬಂದಿಲ್ಲ. ಮೂರು ಸಲ ತೆಗೆದ ರಕ್ತದಿಂದ ಕಾಯಿಲೆಯ ಹೆಸರು ಗೊತ್ತಾಯಿತು, ಅದಕ್ಕಿಂತ ಹೆಚ್ಚಿನದನ್ನು ಅದರಿಂದ ಯಾರೂ ಕಲಿಯಲಿಲ್ಲ. (ನಡುಕ ನಿಲ್ಲಲು ಏಳು ತಿಂಗಳು ಹಿಡಿಯಿತು. ಮರ ಹತ್ತುವುದನ್ನು ಅವನು ಬಿಟ್ಟಿದ್ದಾನೆ, ಅಡಿಕೆ ಕೊನೆ ಕೊಯ್ಯಲು ಈಗ ಹೊರಗಿನಿಂದ ಕೊನೆಗಾರರನ್ನು ಕರೆಸುತ್ತೇವೆ.)

ಈ ವೈರಸ್ಸನ್ನು ಇಟ್ಟು ಬೆಳೆಸಲು ಅತಿ ಭದ್ರತೆಯ ಪ್ರಯೋಗಾಲಯ ಬೇಕೆಂಬುದು ನಿಜ. ಹಿಂದೆ ಪ್ರಯೋಗಾಲಯದ ಸಿಬ್ಬಂದಿಗೇ ಸೋಂಕು ತಗಲಿದ ಪ್ರಸಂಗಗಳು ಹಲವು ಇವೆ, ಆ ಎಚ್ಚರ ತಪ್ಪಬಾರದು. ಅಂಥ ಪ್ರಯೋಗಾಲಯ ಪುಣೆಯಲ್ಲಿ 2012ರ ಕೊನೆಯಿಂದ ಇದೆ. ನಮ್ಮ ಕ್ಯಾಸನೂರಿನ ಹೆಸರು ಹೊತ್ತ ವೈರಸ್ಸನ್ನು ಅಮೆರಿಕದ ಮೊಂಟಾನಾ ರಾಜ್ಯದ ಪ್ರಯೋಗಾಲಯವೊಂದರಲ್ಲಿಯೂ ಅಧ್ಯಯನ ಮಾಡುತ್ತಿದ್ದಾರೆ. ಒಂದು ಜಾತಿಯ ಮಂಗಗಳಲ್ಲಿ ಮನುಷ್ಯರ ಕಾಯಿಲೆಯನ್ನು ಹೋಲುವ ಲಕ್ಷಣಗಳು ಬರುವುದನ್ನು ಅವರು ತೋರಿಸಿರುವುದು ಔಷಧದ ಪರೀಕ್ಷೆಗೆ ಬಹಳ ಉಪಯುಕ್ತ. ಅವರಿಗೆ ಸಿಗದ ಒಂದು ಸಂಗತಿ ನಮ್ಮಲ್ಲಿದೆ: ರೋಗಿ. ಕಾಯಿಲೆಯ ಮೊದಲ ದಿನದಿಂದ ಕೊನೆಯ ದಿನದವರೆಗೆ ಒಬ್ಬ ಮನುಷ್ಯನ ದೇಹದಲ್ಲಿ ಆಗುವುದನ್ನು ಹತ್ತಿರದಿಂದ ಕಾಣಲು ಶಿವಮೊಗ್ಗದಂಥ ಜಾಗ ಜಗತ್ತಿನಲ್ಲಿ ಇನ್ನೊಂದಿಲ್ಲ. ಶಿವಮೊಗ್ಗದಲ್ಲಿ ವೈದ್ಯಕೀಯ ಕಾಲೇಜಿದೆ, ವೈರಸ್ ಪರೀಕ್ಷೆಯ ಪ್ರಯೋಗಾಲಯವಿದೆ, ಕಾಯಿಲೆಯನ್ನು ಕಣ್ಣಿನಲ್ಲೇ ಗುರುತಿಸಬಲ್ಲ ಹಳೆಯ ವೈದ್ಯರೂ ದಾದಿಯರೂ ಇದ್ದಾರೆ.

ಆದ್ದರಿಂದ ರಾಜ್ಯದ ಆರೋಗ್ಯ ಇಲಾಖೆಯನ್ನೂ ವೈದ್ಯಕೀಯ ಸಂಶೋಧನಾ ಮಂಡಳಿಯನ್ನೂ ನಾನು ಕೇಳಿಕೊಳ್ಳುವುದೇನೆಂದರೆ, ಬರುವ ಹಂಗಾಮಿನಿಂದಲೇ ಈ ಕಾಯಿಲೆ ಖಚಿತವಾದ ಪ್ರತಿಯೊಬ್ಬ ರೋಗಿಯನ್ನೂ, ಅವರ ಮತ್ತು ಮನೆಯವರ ಒಪ್ಪಿಗೆ ಪಡೆದು, ಒಂದು ವರ್ಷದ ಅಧ್ಯಯನಕ್ಕೆ ಸೇರಿಸಿಕೊಳ್ಳಬೇಕು. ಆಸ್ಪತ್ರೆಯಲ್ಲಿರುವಷ್ಟು ದಿನ ರಕ್ತದಲ್ಲಿ ವೈರಸ್ಸಿನ ಪ್ರಮಾಣ ಎಷ್ಟಿದೆ, ರೋಗನಿರೋಧಕ ಸಂದೇಶಗಳು ಏರಿದವೇ ಇಳಿದವೇ ಎಂದು ಅಳೆಯಬೇಕು. ಮನೆಗೆ ಹೋದ ಮೇಲೆ ಎರಡನೆಯ ಜ್ವರದ ಅವಧಿ ಮುಗಿಯುವ ತನಕ ಆಶಾ ಕಾರ್ಯಕರ್ತೆ ಮೂಲಕವೋ ಫೋನಿನಲ್ಲೋ ದಿನವೂ ವಿಚಾರಿಸಬೇಕು. ಮೂರು, ಆರು, ಹನ್ನೆರಡನೆಯ ತಿಂಗಳಲ್ಲಿ ಮತ್ತೆ ನೋಡಬೇಕು. ಔಷಧ ಪ್ರಯೋಗದ ಯೋಜನೆ, ನೈತಿಕ ಸಮಿತಿಯ ಅನುಮತಿ, ತರಬೇತಿ ಎಲ್ಲವೂ ಮಳೆಗಾಲದಲ್ಲೇ ಮುಗಿದಿರಬೇಕು. ಈ ಕೊನೆಯ ಮಾತನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಇಲ್ಲಿ ತಪ್ಪುವುದು ಯಾವಾಗಲೂ ಇದೇ ಜಾಗದಲ್ಲಿ. ಜನವರಿಯಲ್ಲಿ ಸಾವಿನ ಸುದ್ದಿ ಬಂದಾಗ ಸಭೆಗಳು ನಡೆಯುತ್ತವೆ, ಮಾರ್ಚಿನಲ್ಲಿ ತಜ್ಞರ ತಂಡ ಬರುತ್ತದೆ, ಕಾಗದಪತ್ರ ಮುಗಿಯುವಷ್ಟರಲ್ಲಿ ಮಳೆ ಹಿಡಿದು ಉಣುಗು ಇಳಿದು ಕಾಯಿಲೆ ತಾನಾಗಿ ಮರೆಯಾಗುತ್ತದೆ, ಅದರೊಂದಿಗೆ ನಮ್ಮ ನೆನಪೂ ಮರೆಯಾಗುತ್ತದೆ.

ಪ್ರಯೋಗ ಎಂಬ ಪದಕ್ಕೆ ಜನ ಅಂಜುವುದು ಸಹಜ. ಜ್ವರದಲ್ಲಿ ಮಲಗಿದವನ ಹೆಬ್ಬೆಟ್ಟು ಒತ್ತಿಸಿಕೊಂಡರೆ ಅದು ಒಪ್ಪಿಗೆಯಲ್ಲ. ಡಿಸೆಂಬರಿಗೆ ಮೊದಲೇ ಊರೂರಿನಲ್ಲಿ ಗ್ರಾಮಸಭೆ ಕರೆದು, ಯಾವ ಔಷಧ, ಏಕೆ, ಅಪಾಯವೇನು, ಬೇಡವೆಂದರೂ ಚಿಕಿತ್ಸೆಯಲ್ಲಿ ಕೊರತೆಯಾಗದು ಎಂಬುದನ್ನು ನಮ್ಮ ಮಾತಿನಲ್ಲಿ ಹೇಳಬೇಕು. ತೆಗೆದ ರಕ್ತದಿಂದ ಏನು ತಿಳಿಯಿತೆಂಬುದನ್ನು ಮುಂದಿನ ವರ್ಷ ಅದೇ ಸಭೆಗೆ ಬಂದು ತಿಳಿಸಬೇಕು. ನಮ್ಮ ಹೋಬಳಿಯಲ್ಲಿ ಈ ಕಾಯಿಲೆ ಬಂದು ಗುಣವಾದವರ ಪಟ್ಟಿಯನ್ನು ಅವರವರ ಒಪ್ಪಿಗೆಯೊಂದಿಗೆ ಮಾಡಿಕೊಡಲು, ವಿಜ್ಞಾನಿಗಳು ಬಂದಾಗ ಮನೆಮನೆಗೆ ಕರೆದೊಯ್ಯಲು ನಾನೂ ಇನ್ನಿಬ್ಬರು ನಿವೃತ್ತ ಶಿಕ್ಷಕರೂ ಸಿದ್ಧರಿದ್ದೇವೆ. ತಮ್ಮನನ್ನು ಕೇಳಿದೆ, ರಕ್ತ ಕೊಡಲು ಅವನದೇನೂ ಅಡ್ಡಿಯಿಲ್ಲ. ಇಲಾಖೆಯವರು ಈ ಪತ್ರಕ್ಕೆ ಉತ್ತರಿಸುವುದಾದರೆ, ಬರುವ ಹಂಗಾಮಿನಲ್ಲಿ ಯಾವ ಆಸ್ಪತ್ರೆಯಲ್ಲಿ ಯಾರ ಹೊಣೆಯಲ್ಲಿ ಇಂಥ ಅಧ್ಯಯನ ನಡೆಯಲಿದೆ ಎಂಬುದನ್ನು ತಮ್ಮ ಪತ್ರಿಕೆಯಲ್ಲೇ ಪ್ರಕಟಿಸಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಪ್ರೌಢಶಾಲಾ ವಿಜ್ಞಾನ ಶಿಕ್ಷಕ,
ಹೊಸನಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ